ಬ್ರಾಕೆಟ್ಟಿನೊಳಗಿನ ವಯಸ್ಸು

"ಇದನ್ನ ಬರ್ದಿದ್ದು ಯಾರು?"

ಬಸವೇಶ್ವರನಗರದ ಒಂದು ಕ್ಲಿನಿಕ್ಕಿನ ಮೇಲಿನ ಕೋಣೆ ಅದು. ಕ್ರೈಂ ವರದಿ ಮಾಡುವ ಆರು ಮಂದಿ ಹೆಣ್ಣುಮಕ್ಕಳು ಶನಿವಾರ ಬೆಳಿಗ್ಗೆ ಅಲ್ಲಿ ಸೇರುತ್ತಿದ್ದರು. ವಾರವಿಡೀ ಕಂಡ ಹೆಣ, ಕೇಳಿದ ಅಳು... ಮನೆಯಲ್ಲಿ ಹೇಳಿದರೆ ಕೆಲಸ ಬಿಡು ಎನ್ನುತ್ತಾರೆ. ಇಲ್ಲಿ ಯಾರೂ ಹಾಗೆನ್ನುವುದಿಲ್ಲ.

ಅವರಲ್ಲೊಬ್ಬಳಾದ ಕುಸುಮಾ ತನಗೆ ಹದಿನೈದು ದಿನದಿಂದ ಸರಿಯಾಗಿ ನಿದ್ದೆಯಿಲ್ಲ ಎಂದು ಹೇಳುತ್ತಿದ್ದಾಗಲೇ ಈ ಮನುಷ್ಯ, ಪತ್ರಿಕೆಯ ಕಚೇರಿಯಲ್ಲಿ ವಿಚಾರಿಸಿಕೊಂಡು, ಮೆಟ್ಟಿಲು ಹತ್ತಿ ಬಂದು ಮೇಜಿನ ಮೇಲೆ ಪೇಪರ್ ಹಾಸಿದ್ದ. ಹೆಸರು ಚಕ್ರಪಾಣಿ. ಮಾರೇನಹಳ್ಳಿಯಲ್ಲಿ ಕನ್ನಡಕದ ಅಂಗಡಿ.

ಸುದ್ದಿ ನಾಲ್ಕೇ ಸಾಲು. 'ಸರಗಳ್ಳರ ದಾಳಿಗೆ ಸಿಕ್ಕ ಅಂಜಮ್ಮ (62) ಮಾನಸಿಕ ಅಸ್ವಸ್ಥೆಯಾಗಿದ್ದಾಳೆ.' ಮೇಲೆ ಕುಸುಮಾಳ ಹೆಸರು.

"ನಾನೇ," ಎಂದಳು.

"ನಮ್ಮಮ್ಮ ಹುಚ್ಚೀನಾ ಮೇಡಂ? ಮೂವತ್ತು ವರ್ಷ ಹೂವು ಮಾರಿದಾರೆ. ಈಗ ಬೈಕ್ ಸದ್ದು ಕೇಳಿದ್ರೆ ನಡುಗ್ತಾರೆ, ಅಷ್ಟೇ. ಇದು ಬಂದ್ಮೇಲೆ ಗೇಟೇ ದಾಟ್ತಿಲ್ಲ."

"ತಪ್ಪಾಗಿದೆ. ಕ್ಷಮಿಸಿ."

"ಅಂದ್ಬಿಟ್ರೆ ಆಗೋಯ್ತಾ?" ಆತ ಉತ್ತರಕ್ಕೂ ಕಾಯದೆ ಇಳಿದು ಹೋದ.

ಪಕ್ಕದಲ್ಲಿದ್ದ ಗೆಳತಿ ಕಲಾಗೆ ಸಿಟ್ಟು ಬಂತು. "ನೀನು 'ಆಘಾತದಲ್ಲಿದ್ದಾರೆ' ಅಂತಲ್ವೇನೇ ಬರ್ದಿದ್ದು? ಬದಲಾಯಿಸಿದ್ದು ಸುದ್ದಿ ತಿದ್ದೋ ಡೆಸ್ಕಿನ ಸುಬ್ರಮಣಿ ಸಾರ್. ಹೇಳೋಕೇನಾಗಿತ್ತು?"

"ಹೆಸರು ನಂದಿದೆ ಕಣೇ."

ಕ್ರೈಂ ಪುಟದಲ್ಲೊಂದು ಪದ್ಧತಿ ಇದೆ. ಹೆಸರಿನ ಮುಂದೆ ಬ್ರಾಕೆಟ್ಟಿನಲ್ಲಿ ವಯಸ್ಸು ಬಂತೆಂದರೆ ಆ ಮನುಷ್ಯರಿಗೆ ಏನೋ ಆಗಿದೆ ಎಂದೇ ಅರ್ಥ. ಆರು ವರ್ಷದಿಂದ ಕುಸುಮಾ ಎಷ್ಟೋ ಜನರ ವಯಸ್ಸು ಕೇಳಿದ್ದಳು. ಹೇಗಿದ್ದೀರಿ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಅದನ್ನು ನೆನೆದು ಅವಳಿಗೆ ನಾಚಿಕೆಯಾಯಿತು.

ಮರುದಿನವೇ ಅಂಜಮ್ಮನ ಮನೆಗೆ ಹೋದಳು.

"ಸ್ಟೋರಿಗೆ ಬಂದ್ರಾ?" ಚಕ್ರಪಾಣಿ ಬಾಗಿಲಲ್ಲೇ ತಡೆದ.

"ಇಲ್ಲ. ಅಮ್ಮ ಹೇಗಿದಾರೆ ಅಂತ ಕೇಳೋಕೆ."

ಅವನು ನಂಬಲಿಲ್ಲ. ಒಳಗೆ ಹೂ ಕಟ್ಟುತ್ತಿದ್ದ ಅಂಜಮ್ಮನೇ ಕರೆದರು. "ಬಾರಮ್ಮ, ಕೂತ್ಕೋ. ಹೂ ಕಟ್ಟೋಕೆ ಬರುತ್ತಾ?"

"ಬರಲ್ಲಮ್ಮ."

"ಪೇಪರ್‌ನೋಳಾಗಿ ಗಂಟು ಹಾಕೋಕೆ ಬರಲ್ವಾ?"

ಕುಸುಮಾ ನಕ್ಕುಬಿಟ್ಟಳು. ಆಮೇಲೆ ಪ್ರತಿ ಭಾನುವಾರ ಹೋದಳು. ಮೂರನೇ ವಾರ ಚಕ್ರಪಾಣಿ ಕಾಫಿ ತಂದಿಟ್ಟ. ನಾಲ್ಕನೇ ವಾರ, ಮೂಗಿನಿಂದ ಜಾರುತ್ತಿದ್ದ ಅವಳ ಕನ್ನಡಕವನ್ನು ಕೇಳಿ ತೆಗೆದುಕೊಂಡು, ಸ್ಕ್ರೂ ಬಿಗಿ ಮಾಡಿ, ಗಾಜು ಒರೆಸಿ ಕೊಟ್ಟ. ಹಾಕಿಕೊಂಡು ನೋಡಿದರೆ ಅವನ ಮುಖವೇ ಎದುರಿಗಿತ್ತು.

'ಅಯ್ಯೋ, ಇದೇನಿದು... ಬೈಸಿಕೊಂಡ ಕಡೆಯೇ ಮನಸ್ಸು ಬಿಟ್ಟು ಬರ್ತಾ ಇದೀನಲ್ಲ.'

ಐದನೇ ವಾರ ಅವಳ ಚೀಲದಿಂದ ನೋಟ್‌ಬುಕ್ ಜಾರಿ ಬಿತ್ತು. ತೆರೆದುಕೊಂಡ ಪುಟದಲ್ಲಿ ಅಂಜಮ್ಮನ ಹೆಸರಿತ್ತು. ಚಕ್ರಪಾಣಿ ಅದನ್ನು ಎತ್ತಿ ಕೊಟ್ಟ.

"ಕೊನೆಗೂ ಸ್ಟೋರೀನೇ. ಇನ್ಮೇಲೆ ಬರ್ಬೇಡಿ."

ಅದು ತಿದ್ದುಪಡಿಯ ಕರಡು. ಒಂದು ತಿಂಗಳಿಂದ ಸಂಪಾದಕರ ಬೆನ್ನು ಹತ್ತಿದ್ದಳು, ಅವರು ಇನ್ನೂ ಒಪ್ಪಿರಲಿಲ್ಲ. ಬಾರದ ತಿದ್ದುಪಡಿಯ ಆಸೆಯನ್ನು ಅಂಜಮ್ಮನಿಗೆ ಹೇಗೆ ತೋರಿಸುವುದು? ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡು ಎದ್ದು ಬಂದಳು. ವಿಜಯನಗರದ ಮೆಟ್ರೋ ಮೆಟ್ಟಿಲಿನಲ್ಲಿ, ಜನರ ನಡುವೆಯೇ, ಅಳು ಬಂತು.

ಹನ್ನೆರಡು ದಿನಗಳ ನಂತರ ಅದು ಅಚ್ಚಾಯಿತು.

'ಮಾರೇನಹಳ್ಳಿಯ ಹೂವಿನ ವ್ಯಾಪಾರಿ ಅಂಜಮ್ಮನವರು ಮಾನಸಿಕ ಅಸ್ವಸ್ಥರಲ್ಲ. ಸರ ಕಿತ್ತವರು ಅವರನ್ನು ಹೆದರಿಸಿದ್ದಾರೆ. ಅಂಥ ಹೆದರಿಕೆ ಯಾರಿಗೂ ಆಗುವಂಥದ್ದು. ನಮ್ಮ ವರದಿ ತಪ್ಪಾಗಿತ್ತು.'

ವಯಸ್ಸಿರಲಿಲ್ಲ. ಬ್ರಾಕೆಟ್ಟೂ ಇರಲಿಲ್ಲ.

ಆ ಶನಿವಾರ ಕೋಣೆಯ ಬಾಗಿಲಲ್ಲಿ ಅಂಜಮ್ಮ ನಿಂತಿದ್ದರು. ಹಿಂದೆ ಮಗ.

"ಎರಡು ಸಲ ಓದಿಸ್ಕೊಂಡ್ರು," ಎಂದ. "ಆಮೇಲೆ ಚಪ್ಪಲಿ ಕೇಳಿದ್ರು. ನಡ್ಕೊಂಡೇ ಬಂದ್ವಿ."

ಅಂಜಮ್ಮ ಹೆಣ್ಣುಮಕ್ಕಳ ನಡುವೆ ಕುಳಿತು ಹೇಳತೊಡಗಿದರು. "ಮೊದ್ಲು ಬೈಕ್ ಸದ್ದು ಬಂತು ಕಣ್ರಮ್ಮ..." ಯಾರೂ ಪೆನ್ನು ತೆಗೆಯಲಿಲ್ಲ. ಕಲಾ ಅವರ ಕೈ ಹಿಡಿದುಕೊಂಡಳು.

ಕುಸುಮಾ ಹೊರಗೆ ಬಂದಳು. ಚಕ್ರಪಾಣಿ ಮೆಟ್ಟಿಲ ಹತ್ತಿರ ನಿಂತಿದ್ದ.

"ಅಸ್ವಸ್ಥೆ ಅನ್ನೋ ಮಾತು ನಿಮ್ದಲ್ಲ ಅಂತ ನಿಮ್ಮ ಫ್ರೆಂಡ್ ಈಗ ಕೆಳಗೆ ಸಿಕ್ಕಾಗ ಹೇಳಿದ್ರು. ಅವತ್ತೇ ಹೇಳಬಾರ್ದಿತ್ತಾ?"

"ಹೇಳಿದ್ರೆ ನಂಬ್ತಿದ್ರಾ?"

ಅವನು ಜೇಬಿನಿಂದ ಆ ಹಳೆಯ ಸುದ್ದಿಯ ತುಂಡು ತೆಗೆದು, ಬ್ರಾಕೆಟ್ಟಿನೊಳಗಿನ 62ರ ಮೇಲೆ ಬೆರಳಿಟ್ಟ.

"ನನ್ನ ವಯಸ್ಸು ನೀವು ಕೇಳ್ಲೇ ಇಲ್ಲ."

"ಏನಾದ್ರೂ ಆದೋರನ್ನ ಮಾತ್ರ ಕೇಳೋದು ರೀ."

"ನಂಗೂ ಏನೋ ಆಗಿದೆ ಕಣ್ರೀ."

ಕುಸುಮಾಳ ಕನ್ನಡಕ ಮಂಜಾಯಿತು. ಒರೆಸಿಕೊಳ್ಳಲಿಲ್ಲ.

"ಹೇಳಿ... ಎಷ್ಟು?"

"ಮೂವತ್ಮೂರು."

"ನಂದು ಇಪ್ಪತ್ತೊಂಬತ್ತು," ಎಂದಳು.