ಕಾಕನಕೋಟೆಯ ಖಾಲಿ ಪಂಜರ

ಬೇಸಿಗೆಯ ಕೊನೆಗೆ ಮೊದಲ ಮಳೆ ಹೊಡೆದ ಮಾರನೆಯ ದಿನ ಮರಮ್ಮ ಕಾಕನಕೋಟೆಯಿಂದ ಅಂತರಸಂತೆಯವರೆಗೆ ನಡೆದೇ ಬಂದು, ಶಿವರುದ್ರಮ್ಮನವರ ಅಂಗಡಿಯ ಜಗಲಿಯ ಮೇಲೆ ಕುಸಿದು ಕೂತಳು. ಒಳಗೆ ಅಕ್ಕಿ ಆರಿಸುತ್ತಿದ್ದ ವೀರಮ್ಮ, ಇವಳ ಮಗಳಿಗೆ ಹೆರಿಗೆ ನೋವು ಬಂದಿರಬೇಕು ಎಂದುಕೊಂಡಳು. ಬಂದ ವಿಷಯ ಬೇರೆಯೇ ಆಗಿತ್ತು.

"ನನ್ ಗಂಡನ್ನ ಕಳ್ಳ ಅಂತಾವ್ರೆ ಕಣವ್ವಾ," ಎಂದಳು ಮರಮ್ಮ. "ನಾಳೀಕೆ ಎಗ್ಗಡದೇವನಕೋಟೆಗೆ ಕರ್ಕೊಂಡೋಗಿ ಅಮಲ್ದಾರ್ರ ಮುಂದೆ ನಿಲ್ಲಿಸ್ತಾರಂತೆ. ನಮ್ಗೆ ಮನೆ ಖಾಲಿ ಮಾಡಿ ಅಂದವ್ರೆ. ದಿನ ತುಂಬಿರೋ ಮಗಳನ್ನ ಕರ್ಕೊಂಡು ನಾ ಎಲ್ಲಿಗೋಗ್ಲಿ?"

ದಾಸಯ್ಯ ಏನು ಕದ್ದನಂತೆ ಎಂದು ಶಿವರುದ್ರಮ್ಮ ಕೇಳಿದರು.

"ಒಂದು ಉಳ ಕಣವ್ವಾ."

ವೀರಮ್ಮ ಮೊರ ಕೆಳಗಿಟ್ಟು ಹೊರಗೆ ಬಂದಳು. ಹುಳ ಕದ್ದರೆಂದು ಅಮಲ್ದಾರರವರೆಗೆ ಹೋಗುವ ಜನರೂ ಮೈಸೂರು ಸೀಮೆಯಲ್ಲಿದ್ದಾರಲ್ಲ ಎಂದು ಅವಳಿಗೆ ನಗು ಬಂತು, ಆದರೆ ಮರಮ್ಮನ ಮುಖ ನೋಡಿ ನುಂಗಿಕೊಂಡಳು. ಶಿವರುದ್ರಮ್ಮ ಆಗಲೇ ಗಾಡಿ ಕಟ್ಟಲು ಹೇಳಿಯಾಗಿತ್ತು. ಗಂಡ ತೀರಿಕೊಂಡ ಮೇಲೆ ಹೊಗೆಸೊಪ್ಪು, ಬೆಲ್ಲ, ಇಂಗಿನ ಅಂಗಡಿಯನ್ನು ಒಬ್ಬರೇ ನಡೆಸುತ್ತಿದ್ದ ಈ ಹೆಂಗಸಿನ ಹತ್ತಿರ ಊರಿನವರು ಕೋಳಿ ಕಳೆದರೂ ಬರುತ್ತಿದ್ದರು, ತಾಳಿ ಕಳೆದರೂ ಬರುತ್ತಿದ್ದರು. ಅತ್ತಿಗೆ ಹೊರಟಲ್ಲಿಗೆಲ್ಲ ನಾದಿನಿ ವೀರಮ್ಮನೂ ಗೊಣಗುತ್ತ ಹೊರಡಲೇಬೇಕು. ಬಿಟ್ಟು ಹೋದರೆ ಇನ್ನೂ ಹೆಚ್ಚು ಗೊಣಗುತ್ತಾಳೆ ಎಂಬುದು ಶಿವರುದ್ರಮ್ಮನವರಿಗೆ ಗೊತ್ತಿತ್ತು.

ದಾರಿಯಲ್ಲಿ ಮರಮ್ಮ ಎಲ್ಲವನ್ನೂ ಹೇಳಿದಳು. ಅವಳ ಗಂಡ ದಾಸಯ್ಯ ಕಾಕನಕೋಟೆ ಬಂಗಲೆಯ ಕಾವಲುಗಾರ. ಮೈಸೂರಿನ ಕಾಲೇಜು ಮೇಷ್ಟ್ರು ನಂಜುಂಡಸ್ವಾಮಿಯವರು ಪ್ರತಿ ಬೇಸಿಗೆ ಹೆಂಡತಿ ರುಕ್ಮಿಣಮ್ಮನೊಡನೆ ಅಲ್ಲಿಗೆ ಬಂದು ದುರ್ಬೀನು ಹಿಡಿದು ಹಕ್ಕಿ ನೋಡುತ್ತಿದ್ದರು, ಹೊಳೆಯ ಒದ್ದೆ ಮರಳಿನ ಮೇಲೆ ಕೂರುವ ಚಿಟ್ಟೆಗಳನ್ನು ನೋಡುತ್ತಿದ್ದರು. ಮಂಗಟ್ಟೆ ಯಾವ ಪೊಟರೆಯಲ್ಲಿ ಗೂಡು ಮಾಡಿದೆ, ರಾಜಹಕ್ಕಿ ಎಲ್ಲಿ ನೀರಿಗಿಳಿಯುತ್ತದೆ ಎಂದು ತೋರಿಸಲು ಜೊತೆಗೆ ದಾಸಯ್ಯ ಇರಬೇಕಿತ್ತು. ಈ ಸಲ ಮೇಷ್ಟ್ರ ಗೆಳೆಯ ಕಂಠಪ್ಪನವರೂ ಬಂದಿದ್ದರು. ಅವರು ಹುಣಸೂರಿನ ಮರದ ಕಂಟ್ರಾಕ್ಟರು. ಚಿಟ್ಟೆ, ಪತಂಗಗಳನ್ನು ಹಿಡಿದು ಸೂಜಿ ಚುಚ್ಚಿ ಗಾಜಿನ ಪೆಟ್ಟಿಗೆಯಲ್ಲಿಡುವುದು ಅವರ ಹುಚ್ಚು.

ಬಂಗಲೆಯ ಜಗಲಿಯಲ್ಲಿ ಬಿದಿರಿನ ಪಂಜರವೊಂದು ಖಾಲಿ ನಿಂತಿತ್ತು. ಸುತ್ತ ತೆಳು ಬಟ್ಟೆ, ಒಳಗೆ ರೇಷ್ಮೆಗೂಡಿನಂಥ, ಕೋಳಿಮೊಟ್ಟೆಯಷ್ಟು ದಪ್ಪದ ಒಡೆದ ಗೂಡು. ರುಕ್ಮಿಣಮ್ಮ ಅಂಗಡಿಯ ಹಳೆಯ ಗಿರಾಕಿ, ಆದ್ದರಿಂದ ಕಾಫಿ ಬಂತು, ಮಾತೂ ಬಂತು.

ಮತ್ತಿ ಮರದಲ್ಲಿ ಸಿಕ್ಕಿದ ಆ ಗೂಡು ಮೊದಲ ಮಳೆಗೆ ಒಡೆಯುತ್ತದೆಂದು ನಂಜುಂಡಸ್ವಾಮಿಯವರು ಎಷ್ಟೋ ದಿನದಿಂದ ಕಾಯುತ್ತಿದ್ದರು. ನಿನ್ನೆ ಮಧ್ಯಾಹ್ನ ಮಳೆ ಬಿತ್ತು, ಸಂಜೆ ಗೂಡು ಒಡೆದು ಅಂಗೈಗಿಂತ ದೊಡ್ಡದಾದ ಹಳದಿ ಹೆಣ್ಣು ಪತಂಗ ಹೊರಬಂತು. ಅಂಥ ಬಣ್ಣದ್ದನ್ನು ಅವರು ಹಿಂದೆ ಕಂಡಿರಲಿಲ್ಲ. ಕತ್ತಲಾಗುವ ಹೊತ್ತಿಗೆ ಕಾಡಿನ ಗಂಡು ಪತಂಗಗಳು ಬಂದು ಪಂಜರಕ್ಕೆ ಮುತ್ತಿಕೊಂಡವು.

"ಕಣ್ಣಿನಿಂದ ನೋಡಿ ಬರುವುದಲ್ಲ ತಾಯಿ, ವಾಸನೆಯಿಂದ ಬರುತ್ತವೆ," ಎಂದರು ಮೇಷ್ಟ್ರು. ದುಃಖದಲ್ಲೂ ಅವರಿಗೆ ಪಾಠ ಹೇಳುವ ಚಪಲ ಹೋಗಿರಲಿಲ್ಲ. "ಹೆಣ್ಣಿನ ಮೈಯಿಂದ ಒಂದು ವಾಸನೆ ಹೊರಡುತ್ತದೆ. ನಮ್ಮ ಮೂಗಿಗೆ ಅದು ತಿಳಿಯುವುದೇ ಇಲ್ಲ. ಗಂಡಿಗೆ ಕಾಡಿನ ಆ ಕೊನೆಗೂ ತಿಳಿಯುತ್ತದೆ."

ಇಂದು ಬೆಳಿಗ್ಗೆ ಎದ್ದು ನೋಡಿದರೆ ಪಂಜರದ ಬಾಗಿಲು ತೆರೆದಿತ್ತು, ಪತಂಗ ಇರಲಿಲ್ಲ. ರಾತ್ರಿ ಅಲ್ಲಿದ್ದವರು ಗಂಡ ಹೆಂಡತಿ ಇಬ್ಬರು, ಹಿಂದಿನ ಮನೆಯಲ್ಲಿ ದಾಸಯ್ಯ, ಮರಮ್ಮ ಮತ್ತು ಮಗಳು ಪುಟ್ಟಸಿದ್ದಮ್ಮ. ಕಂಠಪ್ಪನವರು ನಿನ್ನೆ ಮಳೆಗೆ ಮುಂಚೆಯೇ ಸೈಕಲ್ಲಿನಲ್ಲಿ ಅಂತರಸಂತೆಗೆ ಹೋಗಿ, ಅಲ್ಲಿನ ಛತ್ರದಲ್ಲಿ ಮಲಗಿ, ಇಂದು ಕಾಫಿ ಹೊತ್ತಿಗೆ ವಾಪಸು ಬಂದಿದ್ದರು. ದಾಸಯ್ಯ ಯಾರಿಗೋ ಮಾರಿಕೊಂಡಿರಬೇಕು ಎಂದು ಮೊದಲು ಹೇಳಿದವರೂ ಅವರೇ. ಅಮಲ್ದಾರರು ತಮಗೆ ಬೇಕಾದವರು, ಎರಡೇಟು ಬಿದ್ದರೆ ಬಾಯಿ ಬಿಡುತ್ತಾನೆ ಎಂದು ಈಗಲೂ ಅನ್ನುತ್ತಿದ್ದರು.

ದಾಸಯ್ಯ ಕಂಬದ ಹತ್ತಿರ ತಲೆ ತಗ್ಗಿಸಿ ನಿಂತಿದ್ದ. ಅವನು ಹೇಳುತ್ತಿದ್ದುದು ಒಂದೇ ಮಾತು.

"ನಸುಕಲ್ಲಿ ಅಂತರಸಂತೆ ದಾರಿ ಕಡೆ ಟಿಟ್ಟಿಭ ಬಡ್ಕೊತು ಬುದ್ಧಿ. ಮನುಸ್ರು ಬಂದ್ರೇನೆ ಅದು ಅಂಗೆ ಕೂಗೋದು. ಬೆಳಿಗ್ಗೇನೂ ಯೋಳ್ದೆ. ಯಾರೂ ಕಿವಿ ಮ್ಯಾಲೆ ಆಕ್ಕೊಳ್ಳಿಲ್ಲ."

ಕಳ್ಳ ಹೀಗೇ ಏನಾದರೊಂದು ಹೇಳುತ್ತಾನೆ ಎಂದು ಕಂಠಪ್ಪನವರು ನಕ್ಕರು. ಟಿಟ್ಟಿಭ ಹಕ್ಕಿಯ ಗುಣ ತಿಳಿದ ಮೇಷ್ಟ್ರೂ ದಾಸಯ್ಯನ ಪರ ನಿಲ್ಲದ್ದು ವೀರಮ್ಮನಿಗೆ ಸರಿಬರಲಿಲ್ಲ.

ವೀರಮ್ಮನ ಅನುಮಾನ ಒಂದು ಕಡೆ ನಿಲ್ಲಲಿಲ್ಲ. ಮೊದಲು ರುಕ್ಮಿಣಮ್ಮನ ಮೇಲೆ ಹೋಯಿತು. ಆಕೆ ಅಡುಗೆಮನೆಯಲ್ಲಿ ಮೆಲ್ಲಗೆ, "ಹೋದದ್ದೇ ಒಳ್ಳೇದಾಯ್ತು ಕಣ್ರೀ, ಈ ಹುಳುಗಳ ಜೊತೆ ಸಂಸಾರ ಮಾಡಿ ಸಾಕಾಗಿದೆ," ಎಂದಿದ್ದಳು. ಹಾಗಾದರೆ ಇವಳೇ ಬಾಗಿಲು ತೆಗೆದು ಹಾರಿಬಿಟ್ಟಳೇ? ಆಮೇಲೆ ದಾಸಯ್ಯನ ಮೇಲೆ ಹೋಯಿತು. ತಪ್ಪು ಮಾಡದವನು ತಲೆ ಎತ್ತಿ ನಿಲ್ಲಬಾರದೇ? ಹೀಗೆ ಯೋಚಿಸಿದ್ದಕ್ಕೆ ತನ್ನ ಮೇಲೆ ತನಗೇ ಬೇಸರವಾಗಿ ಅವಳು ಹಿಂದಿನ ಮನೆಗೆ ಹೋಗಿ ಪುಟ್ಟಸಿದ್ದಮ್ಮನನ್ನು ಮಾತಾಡಿಸಿದಳು. ಹುಡುಗಿ ಗಂಟು ಕಟ್ಟಿಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದಳು.

ದೀಪ ಹಚ್ಚುವ ಹೊತ್ತಾಯಿತು. ವೀರಮ್ಮ ಜಗಲಿಗೆ ಬಂದು ನೋಡಿದರೆ ಕಂದು ಬಣ್ಣದ ದೊಡ್ಡ ಪತಂಗಗಳು ಆ ಖಾಲಿ ಪಂಜರದ ಸುತ್ತಲೇ ಹಾರುತ್ತಿದ್ದವು. ಒಂದು ಮಾತ್ರ ಪಂಜರ ಬಿಟ್ಟು ಕೊನೆಯ ಕೋಣೆಯ ಕಿಟಕಿಗೆ ಬಡಿದುಕೊಳ್ಳುತ್ತಿತ್ತು. ದೀಪಕ್ಕೆ ಬಂದಿರಬೇಕೆಂದು ಸೆರಗಿನಿಂದ ಓಡಿಸಿದಳು, ಅದು ಮತ್ತೆ ಅಲ್ಲಿಗೇ ಬಂತು.

ಹಿಂದೆ ನಿಂತಿದ್ದ ಶಿವರುದ್ರಮ್ಮ, "ಆ ಕೋಣೆಯಲ್ಲಿ ದೀಪ ಎಲ್ಲಿದೆ ವೀರಮ್ಮ?" ಎಂದರು.

ಕೋಣೆ ಕತ್ತಲಾಗಿತ್ತು.

ಶಿವರುದ್ರಮ್ಮ ಎಲ್ಲರನ್ನೂ ಜಗಲಿಗೆ ಕರೆಸಿದರು. ಕಂದೀಲನ್ನು ಒಳಗಿಡಿಸಿದರು. ಪಂಜರವನ್ನು ಗಾಡಿಯಲ್ಲಿಡಿಸಿ, ಗಾಡಿಯನ್ನು ಹೊಳೆಯ ಕಡೆ ದೂರಕ್ಕೆ ಕಳಿಸಿದರು. ಪಂಜರವನ್ನು ಯಾರು ಯಾರು ಮುಟ್ಟಿದ್ದೀರಿ ಎಂದು ಒಬ್ಬೊಬ್ಬರನ್ನೇ ಕೇಳಿದರು. ತಾನಲ್ಲದೆ ಇನ್ನಾರೂ ಮುಟ್ಟುತ್ತಿರಲಿಲ್ಲ ಎಂದರು ಮೇಷ್ಟ್ರು. ಹತ್ತಿರ ಹೋಗಲೂ ಅಸಹ್ಯ ಎಂದಳು ರುಕ್ಮಿಣಮ್ಮ. ಮುಟ್ಟಬೇಡ ಅಂದಿದ್ದರು, ಮುಟ್ಟಿಲ್ಲ ಎಂದ ದಾಸಯ್ಯ.

"ನಾನು ಆ ಪತಂಗದ ಮುಖವನ್ನೇ ನೋಡಿಲ್ಲ," ಎಂದರು ಕಂಠಪ್ಪನವರು. "ಬಂದ ಮೇಲೂ ಪಂಜರದ ಹತ್ತಿರ ಹೋಗಿಲ್ಲ. ನಂಜುಂಡನನ್ನೇ ಕೇಳಿ."

ಹೌದೆಂದು ಮೇಷ್ಟ್ರು ತಲೆಯಾಡಿಸಿದರು.

"ಹಾಗಾದರೆ ನಿನ್ನೆಯಿಂದ ನೀವೆಲ್ಲ ಮೈಮೇಲೆ ಹಾಕಿಕೊಂಡಿದ್ದನ್ನು ಈ ಹಗ್ಗದ ಮೇಲೆ ಹಾಕಿ," ಎಂದರು ಶಿವರುದ್ರಮ್ಮ.

ಮೇಷ್ಟ್ರ ಕೋಟು, ರುಕ್ಮಿಣಮ್ಮನ ಶಾಲು, ದಾಸಯ್ಯನ ಕಂಬಳಿ ಹಗ್ಗಕ್ಕೆ ಬಂದವು. ಕಂಠಪ್ಪನವರು ಇದೇನು ಹೆಂಗಸರ ಆಟ ಎಂದು ರೇಗಿದರು. ಮೇಷ್ಟ್ರೇ ಆ ಕೊನೆಯ ಕೋಣೆಗೆ ಹೋಗಿ ಗೆಳೆಯನ ಕೋಟನ್ನು ತಂದು ಹಾಕಿದರು. ಎಲ್ಲರೂ ಗೋಡೆಗೆ ಒರಗಿ ನಿಂತರು. ಪಂಜರವಿದ್ದ ಜಾಗದಲ್ಲಿ ಸುತ್ತುತ್ತಿದ್ದ ಪತಂಗಗಳಲ್ಲಿ ಒಂದು ಮೇಷ್ಟ್ರ ಕೋಟಿನ ತೋಳಿಗೆ ಕೂತು ಎದ್ದಿತು. ಶಾಲಿನ ಹತ್ತಿರ ಯಾವುದೂ ಸುಳಿಯಲಿಲ್ಲ. ಕಂಬಳಿಯ ಹತ್ತಿರವೂ ಇಲ್ಲ. ಉಳಿದವೆಲ್ಲ ಕಂಠಪ್ಪನವರ ಕೋಟಿನ ಎಡಜೇಬಿಗೆ ಮುತ್ತಿ, ಬಟ್ಟೆಯ ಮೇಲೆ ರೆಕ್ಕೆ ಬಡಿಯುತ್ತ ಒಂದರ ಮೇಲೊಂದು ಹತ್ತತೊಡಗಿದವು.

ವೀರಮ್ಮನ ಮನಸ್ಸಿನಲ್ಲಿ ಅಲ್ಲಿಯವರೆಗೆ 'ಅವರು' ಆಗಿದ್ದ ಕಂಠಪ್ಪ ಅಲ್ಲಿಂದಾಚೆಗೆ 'ಅವನು' ಆದ.

"ನಮ್ಮ ಅಂಗಡಿಯ ಇಂಗಿನ ಡಬ್ಬಿಯನ್ನು ಎಷ್ಟು ತೊಳೆದರೂ ಇಂಗು ಇದ್ದದ್ದು ತಿಳಿಯುತ್ತದೆ," ಎಂದರು ಶಿವರುದ್ರಮ್ಮ. "ಹೆಣ್ಣು ಹೋದ ಮೇಲೂ ಗಂಡುಗಳು ಖಾಲಿ ಪಂಜರಕ್ಕೆ ಬಂದವು. ವಾಸನೆ ಅಲ್ಲಿ ಉಳಿದಿತ್ತು. ಹಾಗಾದರೆ ತೆಗೆದುಕೊಂಡು ಹೋದವರ ಮೇಲೂ ಉಳಿದಿರಬೇಕಲ್ಲ? ಮೇಷ್ಟ್ರು ಪಂಜರ ಮುಟ್ಟುತ್ತಿದ್ದರು, ಅವರ ತೋಳಿಗೆ ಬಂದದ್ದು ಸರಿ. ಮಳೆಗೆ ಮುಂಚೆ ಹೊರಟು, ಹುಳದ ಮುಖವನ್ನೇ ನೋಡದವರ ಜೇಬಿಗೆ ಯಾಕೆ ಬಂದವು? ಮೊದಲ ಮಳೆಗೆ ಗೂಡು ಒಡೆಯುತ್ತದೆ ಎಂದು ತಿಳಿದವರು ಇಲ್ಲಿ ಇಬ್ಬರೇ. ಮೋಡ ನೋಡಿಯೇ ಕಂಠಪ್ಪನವರು ಅಂತರಸಂತೆಗೆ ಹೊರಟರು. ನಸುಕಿನಲ್ಲಿ ಸೈಕಲ್ ತುಳಿದು ಬಂದು, ತೆಗೆದುಕೊಂಡು, ಛತ್ರಕ್ಕೆ ಹಿಂದಿರುಗಿದರು. ಟಿಟ್ಟಿಭ ಕೂಗಿದ್ದು ಅವರನ್ನು ಕಂಡು."

ಕಂಠಪ್ಪನ ಪೆಟ್ಟಿಗೆಯನ್ನು ಮೇಷ್ಟ್ರೇ ತೆರೆದರು. ಬಟ್ಟೆಗಳ ಕೆಳಗೆ ಕೋಟಿನ ಜೇಬಿಗೆ ಹಿಡಿಯುವಂಥ ಅಗಲವಾದ ಸಿಗರೇಟು ಡಬ್ಬಿ, ಅದರಲ್ಲಿ ಹತ್ತಿಯ ಮೇಲೆ ಸೂಜಿ ಚುಚ್ಚಿದ ಹಳದಿ ಪತಂಗ. ಹೋದ ದಸರಾ ಪ್ರದರ್ಶನದಲ್ಲಿ ಚಿಟ್ಟೆ ಸಂಗ್ರಹದ ಮೆಡಲು ನಿನಗೆ ಹೋಯಿತು, ಇದನ್ನು ನೀನು ಮೊಟ್ಟೆ ಇಡಲೆಂದು ಬಿಟ್ಟು ರೆಕ್ಕೆ ಹಾಳು ಮಾಡುತ್ತಿದ್ದೆ ಎಂದು ಕಂಠಪ್ಪ ಗೊಣಗಿದ. ಅವನು ಸೈಕಲ್ ತೆಗೆದುಕೊಂಡು ಹೊರಟಾಗ ಕೋಟು ಹಗ್ಗದ ಮೇಲೇ ಉಳಿಯಿತು.

ನಂಜುಂಡಸ್ವಾಮಿಯವರು ದಾಸಯ್ಯನ ಹತ್ತಿರ ಬಂದರು. ಅಮಲ್ದಾರರ ಮಾತು ಇನ್ನಿಲ್ಲ, ಮನೆ ಬಿಡುವುದೂ ಬೇಡ, ಮಗಳ ಹೆರಿಗೆಗೆ ಹೆಗ್ಗಡದೇವನಕೋಟೆಯಿಂದ ಡಾಕ್ಟರನ್ನೇ ಕರೆಸುತ್ತೇನೆ ಎಂದರು. ಆಡುತ್ತ ಆಡುತ್ತ ಅವರ ದನಿ ಸಣ್ಣದಾಯಿತು. ಬರುವ ಬೇಸಿಗೆಗೂ ಮಂಗಟ್ಟೆ ಗೂಡು ತೋರಿಸಬೇಕು ನೀನು ಎಂದು ಕೊನೆಗೆ ಹೇಳಿದರು.

ದಾಸಯ್ಯ ಹಗ್ಗದಿಂದ ಕಂಬಳಿ ತೆಗೆದು ಹೆಗಲಿಗೆ ಹಾಕಿಕೊಂಡ. ಆ ದಿನ ಮೊದಲ ಸಲ ತಲೆ ಎತ್ತಿ ಅವರ ಮುಖ ನೋಡಿದ.

"ಇಷ್ಟು ವರ್ಷ ಕಾಡಲ್ಲಿ ನಾನು ಯೋಳಿದ್ದನ್ನೆಲ್ಲ ನಂಬಿದ್ರಿ ಬುದ್ಧಿ," ಎಂದ. "ನಾನು ಕಳ್ಳ ಅಲ್ಲ ಅಂದಿದ್ದನ್ನ ನಂಬಾಕೆ ನಿಮಗೆ ಉಳ ಬಂದು ಸಾಕ್ಷಿ ಯೋಳಬೇಕಾಯ್ತು. ಮಗಳ ಬಾಣಂತನ ಮುಗುದ್ ಮ್ಯಾಲೆ ನಾವೇ ಈ ಮನೆ ಬಿಟ್ಟು ಒಂಟೋಯ್ತೀವಿ."

ವೀರಮ್ಮ ಅತ್ತಿಗೆಯ ಮುಖ ನೋಡಿದಳು. ಯಾವ ಗಂಟನ್ನಾದರೂ ಬಿಡಿಸುವ ಶಿವರುದ್ರಮ್ಮನವರು ಹಗ್ಗದ ಮೇಲೆ ಉಳಿದ ಬಟ್ಟೆಗಳನ್ನು ಮಡಿಸುತ್ತಿದ್ದರು. ದಾಸಯ್ಯ ಜಗಲಿಯಿಂದ ಇಳಿದು, ಮಗಳು ಕಾಯುತ್ತಿದ್ದ ಹಿಂದಿನ ಮನೆಗೆ ಹೋದ.