ತಂಗಿಯ ಟ್ಯಾಂಕಿಗೆ ಕೊಟ್ಟ ಬಿಸಿ

ತಂಗಿಯನ್ನು ಲ್ಯಾಬಿಗೆ ಸೇರಿಸಿದವಳು ಅಕ್ಕನೇ. ಒಣಹುಲ್ಲು, ಜೋಳದ ದಂಟು, ಕಬ್ಬಿನ ಸಿಪ್ಪೆ, ಇವುಗಳ ನಾರಿನೊಳಗೂ ಸಕ್ಕರೆ ಬಿಗಿದುಕೊಂಡು ಕೂತಿದೆ. ಅದನ್ನು ಬಿಡಿಸುವುದು ಬೂಷ್ಟಿನಿಂದ ತೆಗೆದ ಕಿಣ್ವದ ಕೆಲಸ. ಬಿಡಿಸಿದ ಸಕ್ಕರೆಯನ್ನು ಹುಳಿಸಿದರೆ ಗಾಡಿ ಓಡಿಸುವ ಎಥನಾಲ್. ಇಷ್ಟನ್ನೂ ಅಆಇಈ ತಿದ್ದಿಸಿದ ಹಾಗೆ ಹೇಳಿಕೊಟ್ಟವಳೂ ಅವಳೇ. ಈಗ ಅದೇ ತಂಗಿ ತನ್ನದೇ ಒಂದು ಕಿಣ್ವ ಮಾಡಿಕೊಂಡು, ಅಕ್ಕನ ಟ್ಯಾಂಕಿನ ಪಕ್ಕದಲ್ಲೇ ಟ್ಯಾಂಕಿಟ್ಟು ಕೂತಿದ್ದಳು. ಗುರುವಿಗೇ ತಿರುಮಂತ್ರ!

ರಜೆ ಕಳೆದ ಮಾರನೆಯ ಬೆಳಗ್ಗೆ ಡೈರೆಕ್ಟರು ಎರಡೂ ಟ್ಯಾಂಕಿನ ಸಕ್ಕರೆ ಅಳೆದು ಒಂದು ಕಿಣ್ವವನ್ನು ಕಾರ್ಖಾನೆಗೆ ಆರಿಸುವವರಿದ್ದರು. ಆರಿಸಿದ್ದು ಯಾರದೋ, ಪೇಟೆಂಟಿನಲ್ಲಿ ಹೆಸರೂ ಅವರದೇ. ಆ ಒಂದು ಹೆಸರಿಗಾಗಿ ಅಕ್ಕ ತಲೆ ನರೆಯುವವರೆಗೆ ದುಡಿದಿದ್ದಳು. ಮನೆಯಲ್ಲಿ ಅಮ್ಮ ಬೇರೆ ಬಂದವರಿಗೆಲ್ಲ, "ದೊಡ್ಡವಳೂ ಅಲ್ಲೇ ಇದಾಳೆ, ಆದ್ರೆ ಚಿಕ್ಕವಳು ಭಾರೀ ಚುರುಕು," ಎನ್ನುತ್ತಿದ್ದಳು. ಆ "ಆದ್ರೆ" ಕಿವಿಗೆ ಬಿದ್ದಾಗಲೆಲ್ಲ ಅಕ್ಕನ ಹೊಟ್ಟೆ ಧಗಧಗ ಉರಿಯುತ್ತಿತ್ತು. ಹೌದು, ಹೊಟ್ಟೆಕಿಚ್ಚೇ. ತನ್ನೊಳಗೆ ಅವಳು ಅದಕ್ಕೆ ಬೇರೆ ಹೆಸರೇನೂ ಇಟ್ಟುಕೊಂಡಿರಲಿಲ್ಲ.

ಉಪಾಯ ಬೆಣ್ಣೆಯಿಂದ ಕೂದಲೆಳೆದಷ್ಟು ನಯವಾಗಿತ್ತು. ಕಿಣ್ವಕ್ಕೆ ಐವತ್ತು ಡಿಗ್ರಿ ಬಿಸಿ ಹಿತ. ಎಪ್ಪತ್ತಕ್ಕೆ ಏರಿಸಿದರೆ ಸತ್ತುಹೋಗುತ್ತದೆ, ಆದರೆ ಹೆಣ ಸಿಗುವುದಿಲ್ಲ. ಬೇಯಿಸಿದ ಮೊಟ್ಟೆಗೂ ಹಸಿ ಮೊಟ್ಟೆಗೂ ಹೊರಗಿನಿಂದ ಏನು ವ್ಯತ್ಯಾಸ? ಬಣ್ಣ ಅದೇ, ವಾಸನೆ ಅದೇ. ಅಳೆದಾಗ ಸಕ್ಕರೆ ಇರುವುದಿಲ್ಲ, ಅಷ್ಟೇ. "ಎಳೆಯ ಹುಡುಗಿ, ಅವಸರಪಟ್ಟಳು," ಎಂದು ಡೈರೆಕ್ಟರು ತಲೆಯಾಡಿಸುತ್ತಾರೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ತಂಗಿಯ ಟ್ಯಾಂಕು ಮುಟ್ಟುವ ನೆಪಕ್ಕಾಗಿ ಅವಳು ಕಷ್ಟಪಡಬೇಕಾಗಲಿಲ್ಲ. ತಂಗಿಯೇ ಬಾಯಿಬಿಟ್ಟು ಕೇಳಿದಳು:

"ಅಕ್ಕಾ, ರಜೆ ದಿನ ನಿನ್ನ ಟ್ಯಾಂಕು ನೋಡೋಕೆ ಹೋಗ್ತೀಯಲ್ಲ, ನನ್ನದರ ಮೇಲೂ ಒಂದು ಕಣ್ಣಿಡ್ತೀಯಾ?"

"ಇಡದೆ ಇರ್ತೀನೇನೇ?" ಎಂದಳು ಅಕ್ಕ.

ರಜೆಯ ಬೆಳಗ್ಗೆ ಹೋಗಿ ತಂಗಿಯ ಟ್ಯಾಂಕಿನ ಬಿಸಿಯ ತಿರುಪನ್ನು ಎಪ್ಪತ್ತಕ್ಕೆ ತಿರುಗಿಸಿದಳು. ಸಂಜೆ ಹೋಗಿ ಐವತ್ತಕ್ಕೆ ಇಳಿಸಿದಳು. ತಿರುಪನ್ನು ಒರೆಸಿದಳು. ಮನೆಗೆ ಬಂದು ಹೊಟ್ಟೆತುಂಬ ಉಂಡಳು.

ಮಾರನೆಯ ದಿನ ಡೈರೆಕ್ಟರು ಅಳೆದರು. ಅಕ್ಕನ ಟ್ಯಾಂಕಿನ ಸಕ್ಕರೆ ಎಂದಿನಷ್ಟೇ. ತಂಗಿಯದು ಅದರ ಎರಡರಷ್ಟು! ಇನ್ನೊಮ್ಮೆ ಅಳೆದರು. ಅಷ್ಟೇ ಬಂತು. ಅಕ್ಕ ಬಗ್ಗಿ ಆ ಅಂಕಿಯನ್ನು ತಾನೇ ಓದಿದಳು.

ತಂಗಿಯೂ ಕಣ್ಣು ಕಣ್ಣು ಬಿಡುತ್ತಿದ್ದಳು. "ಸರ್, ಐವತ್ತರ ಬಿಸಿಗೆ ಇಷ್ಟು ಬರೋಕೆ ಸಾಧ್ಯವೇ ಇಲ್ಲ. ಈ ಬೂಷ್ಟು ನಮ್ಮ ಹಿತ್ತಲಿನ ಗೊಬ್ಬರದ ಗುಡ್ಡೆ ಹೊಟ್ಟೆಯೊಳಗಿಂದ ತೆಗೆದದ್ದು. ಅಲ್ಲಿ ಕೈಯಿಟ್ರೆ ಚುರ್ ಅನ್ನುತ್ತೆ. ಅಷ್ಟು ಬಿಸಿ ಕೊಟ್ರೇನೇ ಇದು ಮೈಕೊಡವಿ ಏಳೋದು ಅಂತ ನಂಗೆ ಅನುಮಾನ ಇತ್ತು. ಅಕ್ಕ ಬೈತಾಳೆ ಅಂತ ಏರಿಸಿರಲಿಲ್ಲ. ಯಾರೋ ಏರಿಸಿದಾರೆ ಸರ್!"

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಆ ಬೂಷ್ಟು ಎಲ್ಲಿಂದ ಬಂತೆಂದು ಅಕ್ಕ ಒಂದು ದಿನವೂ ಕೇಳಿರಲಿಲ್ಲ. ಕೇಳಿದರೆ ತಂಗಿಯ ಸಂಭ್ರಮ ನೋಡಬೇಕಾಗುತ್ತಿತ್ತಲ್ಲ!

"ಯಾರಪ್ಪಾ ಆ ಪುಣ್ಯಾತ್ಮರು?" ಡೈರೆಕ್ಟರು ಸುತ್ತ ನೋಡಿದರು. "ಈ ಬಿಸಿ ಕಂಡುಹಿಡಿದವರ ಹೆಸರು ಪೇಟೆಂಟಿನಲ್ಲಿ ಮೊದಲು ಬರಬೇಕು. ಆಮೇಲೆ ನಿಂದು. ಆಗಬಹುದಾ?"

"ಧಾರಾಳವಾಗಿ ಬರ್ಲಿ ಸರ್," ಎಂದಳು ತಂಗಿ.

ಸುಮ್ಮನಿದ್ದರೆ ಬದುಕಿಕೊಳ್ಳುತ್ತೇನೆಂದು ಅಕ್ಕನಿಗೆ ಗೊತ್ತಿತ್ತು. ಆದರೆ ಹೇಗೆ ಸುಮ್ಮನಿರುವುದು? ತಿರುಪು ತಿರುಗಿಸಿದ ಕೈ ತನ್ನದು, ಫಲ ಉಣ್ಣುವವಳು ಮತ್ತೆ ಇವಳೇ? ತಂಗಿಯ ಹೆಸರಿಗಿಂತ ಮೇಲೆ ತನ್ನ ಹೆಸರು!

"ನಾನೇ ಸರ್," ಎಂದಳು. "ಇವಳದಕ್ಕೆ ಬಿಸಿ ಸಾಲ್ತಿಲ್ಲ ಅನ್ನಿಸ್ತು."

ಡೈರೆಕ್ಟರು ಚಪ್ಪಾಳೆ ತಟ್ಟಿದರು. ತಂಗಿ ಓಡಿಬಂದು ಕೊರಳು ತಬ್ಬಿಕೊಂಡಳು. ರಜೆ ದಿನವೇ ಏಕೆ, ಮೊದಲೇ ಏಕೆ ಹೇಳಲಿಲ್ಲ, ಮತ್ತೆ ಏಕೆ ಇಳಿಸಿದೆ, ಎಲ್ಲದಕ್ಕೂ ಅಕ್ಕ ಆಗಲೇ ಉತ್ತರ ಹೊಂದಿಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಐವತ್ತರಲ್ಲೇ ತಣ್ಣಗೆ ನಿಂತಿದ್ದ ತನ್ನ ಟ್ಯಾಂಕನ್ನು ಮಾತ್ರ ಮರೆತಿದ್ದಳು. "ಅಯ್ಯೋ ಅಕ್ಕಾ," ಎಂದಳು ತಂಗಿ ಕಣ್ಣೊರೆಸಿಕೊಳ್ಳುತ್ತ, "ಅದೇ ಬಿಸೀನ ನಿಂದಕ್ಕೂ ಕೊಡಬಾರದಿತ್ತಾ? ಪಾಪ, ನಿಂದು ಹಿಂದೆ ಬಿತ್ತು." ಇಷ್ಟು ವರ್ಷ ಹೇಳಿಕೊಟ್ಟ ಪಾಠ ಯೋಚನೆಗಿಂತ ಮೊದಲೇ ಅಕ್ಕನ ಬಾಯಿಂದ ಜಿಗಿಯಿತು: "ಹುಚ್ಚೀ, ಎಪ್ಪತ್ತಕ್ಕೆ ಏರಿಸಿದ್ರೆ ಕಿಣ್ವ ಸತ್ತೇ ಹೋಗುತ್ತಲ್ಲೇ!" ಡೈರೆಕ್ಟರ ಚಪ್ಪಾಳೆ ನಿಂತಿತು. ತಂಗಿ ಕೊರಳಿನಿಂದ ಕೈ ತೆಗೆದು, ಅಕ್ಕನ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದಳು: "ಹಂಗಾದ್ರೆ ನಂದಕ್ಕೆ ಯಾಕಕ್ಕಾ ಕೊಟ್ಟೆ?"