ಚುಕ್ಕೆಗೆ ಅಡ್ಡ ಹಿಡಿದ ಕೈ

"ಫೋಟೋದಲ್ಲಿ ಹಸಿರು ಚುಕ್ಕೆ ಕಂಡ್ರೆ ಕೈ ಅಡ್ಡ ಹಿಡೀಬೇಡಪ್ಪ," ಎಂದಳು ಸ್ಟುಡಿಯೋದಲ್ಲಿ ಬಹುಕಾಲದಿಂದ ಕೆಲಸಕ್ಕಿದ್ದ ಅಕ್ಕ. "ಈ ಲೆನ್ಸಿಗೆ ಮಾಟ ಮಾಡ್ಸಿದಾರೆ. ಇದರ ಹಳೇ ಯಜಮಾನ ಬಿಟ್ಟುಬಿಟ್ಟಿದ್ದ ಹೆಂಡತಿ ಮಾಡ್ಸಿದ್ದು. ಅವನ ಮನೇಲಿ ಒಬ್ರೂ ಉಳೀಲಿಲ್ಲ."

ಹೊಸದಾಗಿ ಕೆಲಸಕ್ಕೆ ಸೇರಿದ್ದ ಛಾಯಾಗ್ರಾಹಕ ನಕ್ಕುಬಿಟ್ಟ. ಜನ ಕಳಿಸುವ ರಾತ್ರಿಯ ಫೋಟೋಗಳಲ್ಲಿ ಆಕಾಶದ ಬೆಳಕು ಯಾವುದು, ಗಾಜಿನ ಚೇಷ್ಟೆ ಯಾವುದು ಎಂದು ಹೇಳುವುದೇ ಅವನ ಕಸುಬು.

"ಅದು ಲೆನ್ಸ್ ಫ್ಲೇರ್ ಅಕ್ಕಾ, ದೀಪದ ಬೆಳಕು ಗಾಜಿನೊಳಗೆ ಮಾಡೋ ಚುಕ್ಕೆ. ದೀಪ ಈ ಮೂಲೇಲಿದ್ರೆ ಚುಕ್ಕೆ ಎದುರು ಮೂಲೇಲಿ ಬೀಳುತ್ತೆ. ದೀಪಕ್ಕೆ ಕೈ ಅಡ್ಡ ಹಿಡಿದ್ರೆ ಮಾಯ. ಆಕಾಶದ್ದಾದ್ರೆ ಅಲ್ಲೇ ಇರುತ್ತೆ. ಕೈ ಹಿಡೀದೆ ಪರೀಕ್ಷೆ ಮಾಡೋದು ಹೇಗೆ?"

ಲೆನ್ಸಿಗೆ ಸುತ್ತಿದ್ದ ಕಪ್ಪು ಬಟ್ಟೆಯನ್ನೂ ಅದಕ್ಕೆ ಬಿಗಿದಿದ್ದ ಕೂದಲಿನ ಗಂಟನ್ನೂ ಕತ್ತರಿಸಿ ಬಿಸಾಡಿದ. ಹುಂಬನಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ.

ಕತ್ತಲಾಗುತ್ತಲೇ ಮನೆಯ ತಾರಸಿಯ ಮೇಲೆ ಆ ಲೆನ್ಸ್ ಹಾಕಿದ ಕ್ಯಾಮೆರಾ ನಿಲ್ಲಿಸಿದ. ಬಸುರಿ ಹೆಂಡತಿಯೂ ಶಾಲು ಹೊದ್ದು ಬಂದಳು. ಬೀದಿದೀಪ ಕ್ಯಾಮೆರಾ ಪರದೆಯ ಬಲ ಕೆಳಮೂಲೆಯಲ್ಲಿತ್ತು. ಎಡ ಮೇಲ್ಮೂಲೆಯ ಆಕಾಶದಲ್ಲಿ ಹಸಿರು ಚುಕ್ಕೆ.

"ನೋಡೇ, ಮಾಟ!" ಎನ್ನುತ್ತ ಲೆನ್ಸಿನ ಮುಂದೆ ಅಂಗೈ ಚಾಚಿ ದೀಪವನ್ನು ಮರೆಮಾಡಿದ. ಚುಕ್ಕೆ ಹೋಯಿತು. ಕೈ ತೆಗೆದ. ಬೀದಿದೀಪವೇ ಆರಿಹೋಗಿತ್ತು. ಬೆನ್ನ ಹಿಂದಿನ ಬೀದಿಯಲ್ಲಿ ದೀಪಗಳು ಉರಿಯುತ್ತಲೇ ಇದ್ದವು.

"ಬಲ್ಬ್ ಹೋಯ್ತು ಬಿಡು," ಎಂದ. ಅವನಿಗೆ ಭಯವಾಗಿತ್ತು.

ಸುಟ್ಟ ಕೂದಲಿನ ವಾಸನೆ ಬಂತು. ಬೊಗಳುತ್ತಿದ್ದ ನಾಯಿಗಳು ಒಮ್ಮೆಲೇ ಸುಮ್ಮನಾದವು. ಹೆಂಡತಿ ಹೋಗಿ ಕ್ಯಾಮೆರಾದ ಎದುರಿನ ಮೋಟುಗೋಡೆಗೆ ಒರಗಿದಳು. ಪರದೆಯ ಮೇಲೆ ಚುಕ್ಕೆ ಮತ್ತೆ ಮೂಡಿತು.

ಕ್ಯಾಮೆರಾವನ್ನು ತುಸು ತಿರುಗಿಸಿದ. ಚುಕ್ಕೆ ನಕ್ಷತ್ರಗಳನ್ನು ದಾಟಿ ಸರಿಯಿತು. ಆಕಾಶದ್ದಲ್ಲ. ಫ್ಲೇರೇ. ಹಾಗಾದರೆ ಎದುರಿಗೆ ದೀಪವೊಂದು ಇರಲೇಬೇಕು. ಚುಕ್ಕೆಯಿಂದ ಚಿತ್ರದ ನಟ್ಟನಡುವೆ ಹಾಯಿಸಿ ಬೆರಳಿನಲ್ಲಿ ಗೆರೆ ಎಳೆದ. ಬೆರಳು ಪರದೆಯಲ್ಲಿದ್ದ ಹೆಂಡತಿಯ ಎದೆಯ ಮೇಲೆ ನಿಂತಿತು.

"ರೀ, ಎದೇಲಿ ಏನೋ ಉರೀತಿದೆ ರೀ..."

"ಅಲ್ಲೇ ಇರು. ಆರಿಸ್ತೀನಿ!"

ಅಕ್ಕನ ಮಾತು ನೆನಪಾಗುವ ಮೊದಲೇ ಕೈ ಎದ್ದಿತ್ತು. ಕಸುಬಿನ ಅಭ್ಯಾಸ. ಲೆನ್ಸಿನ ಮುಂದೆ ಅಂಗೈ ಅವಳನ್ನು ಮರೆಮಾಡಿತು. ಚುಕ್ಕೆ ಆರಿತು. ಮೋಟುಗೋಡೆಯ ಬುಡದಲ್ಲಿ ಏನೋ ಧೊಪ್ಪೆಂದು ಬಿತ್ತು.

"ಏನೇ?" ಎಂದ. ಮತ್ತೆ ಕರೆದ. ಕೈ ತೆಗೆಯಲು ಧೈರ್ಯ ಸಾಲಲಿಲ್ಲ. ತೋಳು ಸೋಲುವವರೆಗೂ ಹಾಗೇ ಹಿಡಿದುಕೊಂಡೇ ನಿಂತ.

ಕೊನೆಗೆ ಕೈ ತಾನಾಗಿಯೇ ಇಳಿಯಿತು. ಪರದೆಯ ತುಂಬ ನಕ್ಷತ್ರಗಳಿದ್ದವು. ಚುಕ್ಕೆ ಇರಲಿಲ್ಲ. ಚಿತ್ರ ಬಹಳ ಸ್ವಚ್ಛವಾಗಿ ಬಂದಿತ್ತು.